ಕಾಳಿಗೊಂದು ಕಲ್ಲು

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯ 1865ರಲ್ಲಿ ಆರಂಭವಾದದ್ದು. ಅಲ್ಲಿನ ಶಾಸನಗಳ ನಡುವೆ ಒಂದು ಕಲ್ಲಿದೆ. ಅದರ ಲಿಪಿಯನ್ನು ನಮ್ಮಂಥ ಸಾಮಾನ್ಯರು ಓದಲಾರೆವು. ಆದರೆ ಕಲ್ಲಿನ ಮೇಲ್ಭಾಗದ ಚಿತ್ರವನ್ನು ಒಂದನೆಯ ತರಗತಿಯ ಮಗುವೂ ಓದಬಲ್ಲದು. ಒಂದು ನಾಯಿ, ಒಂದು ಕಾಡುಹಂದಿ. ಎರಡೂ ಪ್ರಾಣದ ಹಂಗು ತೊರೆದು ಹೋರಾಡುತ್ತಿವೆ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದಾಗ ಒಬ್ಬ ಹುಡುಗ ಕೇಳಿದ: 'ನಾಯಿಗೂ ವೀರಗಲ್ಲು ನೆಡ್ತಿದ್ರಾ ಸಾರ್?'

ನೆಡುತ್ತಿದ್ದರು. ಇದು ಆತಕೂರಿನ ಶಾಸನ. ಶಕವರ್ಷ 872, ಅಂದರೆ ಕ್ರಿ.ಶ. 949-50ರ ಕಾಲದ್ದು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಗೂ ಚೋಳರಿಗೂ ಇಂದಿನ ತಮಿಳುನಾಡಿನಲ್ಲಿರುವ ತಕ್ಕೋಲದಲ್ಲಿ ಘೋರ ಯುದ್ಧ ನಡೆಯಿತು. ಚೋಳ ರಾಜಕುಮಾರ ರಾಜಾದಿತ್ಯನು ಗಂಗರ ಇಮ್ಮಡಿ ಬೂತುಗನ ಕೈಯಲ್ಲಿ ಮಡಿದ. ಸಂತುಷ್ಟನಾದ ಕೃಷ್ಣನು ಬೂತುಗನಿಗೆ ಬನವಾಸಿಯೇ ಮೊದಲಾದ ನಾಡುಗಳನ್ನು ಕೊಟ್ಟ. ಬೂತುಗನ ಸೇವಕರಲ್ಲಿ ಮಣಲೆರ ಎಂಬ ವೀರನಿದ್ದ. ಅವನ ಪರಾಕ್ರಮಕ್ಕೆ ಮೆಚ್ಚಿದ ಬೂತುಗ, ಏನು ಬೇಕೋ ಕೇಳು ಎಂದ. ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಒಡೆಯನ ಬಳಿಯಿದ್ದ 'ಕಾಳಿ' ಎಂಬ ಬೇಟೆನಾಯಿಯನ್ನು ಕೊಡಿ ಎಂದು ಕೇಳಿ ಪಡೆದ.

ಮುಂದೆ ಬೆಳತೂರಿನ ಪಡುವಣ ಗುಡ್ಡದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ನಾಯಿ ಹಂದಿಯನ್ನು ಕೊಂದಿತು; ಹಂದಿ ನಾಯಿಯನ್ನೂ ಕೊಂದಿತು. ಮಣಲೆರ ಆತಕೂರಿನ ಚಲ್ಲೇಶ್ವರ ದೇವರ ಮುಂದೆ ಕಲ್ಲು ನಿಲ್ಲಿಸಿದ. ಅಷ್ಟೇ ಅಲ್ಲ, ಎರಡು ಕಂಡುಗ ಭೂಮಿಯನ್ನೂ ಬಿಟ್ಟ. ಶಾಸನದಲ್ಲಿ ನನಗೆ ಬಹಳ ಹಿಡಿಸಿದ್ದು ಅದರ ಕೊನೆಯ ಕಟ್ಟಳೆ. ಈ ಕಲ್ಲನ್ನು ಪೂಜಿಸದೆ ಉಣ್ಣುವ ಅಲ್ಲಿನ ಗೊರವನಿಗೆ, ಅಂದರೆ ಶೈವ ಅರ್ಚಕನಿಗೆ, ಆ ನಾಯಿ ಮಾಡಿದ ಪಾಪವೆಲ್ಲ ತಗಲುತ್ತದೆಯಂತೆ! ನಾಯಿ ಯಾವ ಪಾಪ ಮಾಡಿತ್ತೋ ಶಾಸನ ಹೇಳುವುದಿಲ್ಲ. ನಮ್ಮ ಹಿರಿಯರಿಗೆ ಶಾಪ ಹಾಕುವುದರಲ್ಲೂ ಒಂದು ರಸಿಕತೆ ಇತ್ತೆನ್ನಬೇಕು.

ತಕ್ಕೋಲದ ಯುದ್ಧದ ಬಗ್ಗೆ ಇತಿಹಾಸಕಾರರು ಇಂದು ಬರೆಯುವುದಕ್ಕೆ ಮುಖ್ಯ ಆಧಾರಗಳಲ್ಲಿ ಈ ಕಲ್ಲೂ ಒಂದು. ಚಕ್ರವರ್ತಿಯ ವಿಜಯದ ಸುದ್ದಿ ನಮಗೆ ತಲುಪಿರುವುದು ಒಂದು ನಾಯಿಯ ಸ್ಮಾರಕದ ಮೂಲಕ. ಪಠ್ಯಪುಸ್ತಕದಲ್ಲಿ ಬೂತುಗನಿಗೆ ಒಂದು ಸಾಲು ಸಿಗುತ್ತದೆ, ಕಾಳಿಗೆ ಅದೂ ಇಲ್ಲ.

ಶಾಸನದ ಆತಕೂರು ಈಗ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಗೂರು. ಬೆಂಗಳೂರು-ಮೈಸೂರು ಹಳೆಯ ರಸ್ತೆಯಲ್ಲಿ ಹೊರಟರೆ ಒಂದೇ ದಿನದಲ್ಲಿ ನೋಡಿ ಬರಬಹುದಾದ ಮೂರು ಸ್ಥಳಗಳು ಈ ವಿಷಯಕ್ಕೆ ಒದಗಿ ಬರುತ್ತವೆ. ಆತಗೂರಿನಲ್ಲಿ ಕಲ್ಲು ಈಗ ಇಲ್ಲ ಎಂಬುದನ್ನು ಮೊದಲೇ ತಿಳಿದು ಹೋಗಬೇಕು. ಕಲ್ಲು ನೋಡಬೇಕೆನ್ನುವವರು ವಸ್ತುಸಂಗ್ರಹಾಲಯ ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು. ಆದರೂ ಆ ಗದ್ದೆ ಬಯಲು, ಕಬ್ಬಿನ ತೋಟಗಳ ನಡುವೆ ನಿಂತು, ಇದೇ ನೆಲದಲ್ಲಿ ಒಂದು ನಾಯಿಯ ಹೆಸರಿಗೆ ಹೊಲ ಬಿಟ್ಟಿದ್ದರು ಎಂದು ಹೇಳಿದಾಗ ಮಕ್ಕಳ ಮುಖ ನೋಡಬೇಕು.

ಮದ್ದೂರಿಗಿಂತ ಮೊದಲೇ ಚನ್ನಪಟ್ಟಣ ಸಿಗುತ್ತದೆ. ಎಲ್ಲರೂ ಬೊಂಬೆ ಕೊಳ್ಳಲು ಇಳಿಯುವ ಊರು. ಆ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಯಲ್ಲಿ ನಾಯಿಗಳಿಗೇ ಒಂದು ಗುಡಿಯಿದೆ. ಪುರಾತನದ್ದೇನಲ್ಲ, 2010ರಲ್ಲಿ ಕಟ್ಟಿದ್ದು. ಊರಿನ ಕೆಂಪಮ್ಮ ದೇವಿಯ ಗುಡಿಯ ಕೆಲಸ ನಡೆಯುತ್ತಿದ್ದಾಗ ಎರಡು ನಾಯಿಗಳು ಕಾಣೆಯಾದವು, ಅವಕ್ಕೊಂದು ನೆಲೆ ಮಾಡಿಕೊಡಿ ಎಂದು ದೇವಿ ಅಪ್ಪಣೆ ಮಾಡಿದಳು ಎಂಬುದು ಊರಿನವರು ಹೇಳುವ ಕಥೆ. ಒಳಗೆ ಎರಡು ನಾಯಿಗಳ ವಿಗ್ರಹ. ಹೂವು, ಅರಿಸಿನ, ಕುಂಕುಮ. ನಾನು ವಿಜ್ಞಾನದ ಮೇಷ್ಟ್ರು. ದೇವಿಯ ಅಪ್ಪಣೆಯ ಬಗ್ಗೆ ವಾದಕ್ಕೆ ಹೋಗುವುದಿಲ್ಲ. ನನ್ನ ಗಮನ ಹೋದದ್ದು ಬೇರೆಡೆಗೆ. ಎರಡು ನಾಯಿಗಳು ಇಲ್ಲವಾದುದು ಒಂದು ಊರಿನ ಮನಸ್ಸಿಗೆ ತಾಕಿತಲ್ಲ, ಅಷ್ಟು ಸಾಕೆನಿಸಿತು.

ಅದೇ ಮದ್ದೂರು ತಾಲ್ಲೂಕಿನಲ್ಲಿ ಕೊಕ್ಕರೆ ಬೆಳ್ಳೂರೂ ಇದೆ. ಇಲ್ಲಿಯ ಹುಣಿಸೆ ಮರಗಳಿಗೆ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟಲು ಬರುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಅವನ್ನು ಭಾವಿಸುತ್ತಾರೆ. ಸರ್ಕಾರ 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಅವು ಸಾಕಿದ ಹಕ್ಕಿಗಳಲ್ಲ, ನಿಜ. ಬಾಣಂತನ ಮುಗಿದ ಮೇಲೆ ಹೊರಟುಹೋಗುವ ನೆಂಟರು. ಕಟ್ಟಿಹಾಕದೆಯೂ ಮನೆಯವರೆಂದು ತಿಳಿಯಬಹುದು ಎಂಬುದಕ್ಕೆ ಈ ಊರನ್ನು ಹೆಸರಿಸಿದೆ.

ಈಗ ನಮ್ಮ ಮನೆಗಳ ಮಾತಿಗೆ ಬರೋಣ. ನಾನು ಚಿಕ್ಕವನಿದ್ದಾಗ ಹಳ್ಳಿಯಲ್ಲಿ ನಾಯಿಯ ಜಾಗ ಜಗಲಿಯವರೆಗೆ. ಹೊಸಿಲು ದಾಟಿದರೆ ಅಜ್ಜಿಯ ಕೈಯಲ್ಲಿ ಪೊರಕೆ. ಉಳಿದ ಮುದ್ದೆ, ಮಜ್ಜಿಗೆ ಅನ್ನ ಅದರ ಆಹಾರ. ಹೆಸರು ಕರಿಯ, ರಾಜ ಅಥವಾ ಟಾಮಿ. ನಾಲ್ಕನೆಯ ಹೆಸರು ಯಾರಿಗೂ ಹೊಳೆಯುತ್ತಿರಲಿಲ್ಲ. ಈಗ ನಾಯಿ ಸೋಫಾದ ಮೇಲಿದೆ, ಅದರ ಹುಟ್ಟುಹಬ್ಬಕ್ಕೆ ನೆರೆಮನೆಯವರಿಗೆ ಕರೆ ಬರುತ್ತದೆ. ಪರಿಚಿತರೊಬ್ಬರ ಗೃಹಪ್ರವೇಶದ ಆಮಂತ್ರಣ ಪತ್ರಿಕೆಯಲ್ಲಿ ಸುಖಾಗಮನ ಬಯಸುವವರ ಸಾಲಿನ ಕೊನೆಯ ಹೆಸರು ಅವರ ನಾಯಿಯದು! ಕೂಡುಕುಟುಂಬ ಒಡೆದು, ಮನೆಗೊಂದೇ ಮಗುವಾಗಿ, ಆ ಮಗುವೂ ಓದಲು ದೂರದ ಊರಿಗೆ ಹೊರಟ ಮೇಲೆ ಮನೆಯಲ್ಲಿ ಮಾತಾಡಿಸಲು ಯಾರಾದರೂ ಬೇಕಲ್ಲ. ನಗುವವರು ನಗಲಿ, ನನಗಂತೂ ಇದರಲ್ಲಿ ತಪ್ಪು ಕಾಣುವುದಿಲ್ಲ.

ಈ ನಂಟು ಬರಿಯ ಭಾವುಕತೆಯಲ್ಲ. 2015ರಲ್ಲಿ ಜಪಾನಿನ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನವೊಂದು ಸ್ವಾರಸ್ಯಕರವಾಗಿದೆ. ನಾಯಿಯೂ ಒಡೆಯನೂ ಪರಸ್ಪರ ಕಣ್ಣಲ್ಲಿ ಕಣ್ಣಿಟ್ಟು ನೋಡುವಾಗ ಇಬ್ಬರ ದೇಹದಲ್ಲೂ ಆಕ್ಸಿಟೋಸಿನ್ ಎಂಬ ಹಾರ್ಮೋನಿನ ಪ್ರಮಾಣ ಏರುತ್ತದೆ. ತಾಯಿ ಮತ್ತು ಹಸುಗೂಸಿನ ಬಾಂಧವ್ಯದಲ್ಲಿ ಪಾತ್ರ ವಹಿಸುವ ಹಾರ್ಮೋನು ಇದೇ. ಮನುಷ್ಯರು ಸಾಕಿದ ತೋಳಗಳಲ್ಲಿ ಹೀಗಾಗಲಿಲ್ಲ. ನಾಯಿಯ ಹುಬ್ಬನ್ನು ಮೇಲೆತ್ತಿ ಆ ದೀನನೋಟ ತರುವ ಒಂದು ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ, ತೋಳಗಳಲ್ಲಿ ಇಲ್ಲವೆನ್ನುವಷ್ಟು ಕ್ಷೀಣ ಎಂದು 2019ರಲ್ಲಿ ಇನ್ನೊಂದು ತಂಡ ತೋರಿಸಿತು. ಊಟದ ತಟ್ಟೆಯ ಪಕ್ಕ ಕುಳಿತು ನಾಯಿ ನಿಮ್ಮನ್ನು ನೋಡುವ ನೋಟದ ಹಿಂದೆ ಸಾವಿರಾರು ವರ್ಷಗಳ ತಯಾರಿ ಇದೆ!

ಇನ್ನೂ ಹಳೆಯ ಸಾಕ್ಷ್ಯ ಬೇಕೆಂದರೆ ಜರ್ಮನಿಗೆ ಹೋಗಬೇಕು. ಬಾನ್ ನಗರದ ಬಳಿಯ ಓಬರ್‌ಕಾಸೆಲ್‌ನಲ್ಲಿ 1914ರಲ್ಲಿ ಸುಮಾರು 14,000 ವರ್ಷ ಹಿಂದಿನ ಸಮಾಧಿ ಸಿಕ್ಕಿತು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಒಂದು ಎಳೆಯ ನಾಯಿ. ಅದರ ಹಲ್ಲುಗಳನ್ನು ಪರೀಕ್ಷಿಸಿದವರು, ಮರಿಯಾಗಿದ್ದಾಗ ಅದಕ್ಕೆ ಡಿಸ್ಟೆಂಪರ್ ರೋಗ ತಗಲಿತ್ತು, ಮನುಷ್ಯರ ಆರೈಕೆಯಿಲ್ಲದೆ ಅದು ಅಷ್ಟು ದಿನ ಬದುಕುವುದು ಕಷ್ಟವಿತ್ತು ಎನ್ನುತ್ತಾರೆ. ಬೇಟೆಗೂ ಕಾವಲಿಗೂ ಬಾರದ ಕಾಯಿಲೆಯ ಮರಿಯನ್ನು ಆ ಬೇಟೆಗಾರರು ಸಾಕಿದ್ದರು.

ಇಷ್ಟು ಹೇಳಿದ ಮೇಲೆ, ನಾಯಿಮರಿ ಬೇಕೇ ಬೇಕು ಎಂದು ಹಟ ಹಿಡಿದಿರುವ ಮಕ್ಕಳಿಗೂ ಅವರ ತಂದೆ ತಾಯಿಗಳಿಗೂ ಒಂದು ಲೆಕ್ಕ ಕೊಡುತ್ತೇನೆ. ಐದನೆಯ ತರಗತಿಯ ಮಗುವಿಗೆ 10 ವರ್ಷ. ನಾಯಿಯ ಆಯುಸ್ಸು ಸುಮಾರು 12 ವರ್ಷ ಎಂದಿಟ್ಟುಕೊಳ್ಳಿ. ನಾಯಿಗೆ ಕಣ್ಣು ಮಂಜಾಗಿ, ಹಿಂಗಾಲು ಬಿದ್ದು, ಕುಳಿತಲ್ಲೇ ಮೂತ್ರ ಮಾಡುವ ಹೊತ್ತಿಗೆ ಆ ಮಗುವಿಗೆ 22 ವರ್ಷ. ಆಗ ಅದು ಯಾವ ಊರಿನ ಯಾವ ಹಾಸ್ಟೆಲಿನಲ್ಲಿರುತ್ತದೋ! ನೆಲ ಒರೆಸುವವರು ಯಾರು? ಬಹುಪಾಲು ಮನೆಗಳಲ್ಲಿ ತಾಯಿ. ಮರಿ ತರುವ ದಿನವೇ ಈ ಪ್ರಶ್ನೆಯನ್ನು ಊಟಕ್ಕೆ ಕೂತಾಗ ಕೇಳಿಕೊಳ್ಳಬೇಕು. ಕೇಳಿಕೊಳ್ಳದವರ ನಾಯಿಗಳು ಒಂದು ಬೆಳಿಗ್ಗೆ ಕೊರಳಪಟ್ಟಿಯ ಸಮೇತ ಹೆದ್ದಾರಿ ಬದಿಯಲ್ಲಿ ನಿಂತಿರುತ್ತವೆ. ಬೀದಿನಾಯಿಗಳಿಗೆ ಅವು ಪರಕೀಯ, ವಾಹನಗಳ ಭಯ ಅವಕ್ಕೆ ತಿಳಿಯದು.

ಸೈಬೀರಿಯಾದ ಹಿಮಕ್ಕೆಂದು ಎರಡು ಪದರ ತುಪ್ಪಳ ಹೊತ್ತ ಹಸ್ಕಿ ನಾಯಿಯನ್ನು ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಸಾಕುವುದು ನನಗೆ ಒಪ್ಪಿಗೆಯಿಲ್ಲ. ಬೀದಿಯ ನಾಟಿ ಮರಿಗೆ ಈ ಹವೆ ಹುಟ್ಟಿನಿಂದಲೇ ಒಗ್ಗಿರುತ್ತದೆ. ಪ್ರೀತಿಗೆಂದು ಚಾಕೊಲೇಟ್ ತಿನ್ನಿಸಬೇಡಿ. ಅದರಲ್ಲಿನ ಥಿಯೋಬ್ರೋಮಿನ್ ನಾಯಿಯ ದೇಹದಲ್ಲಿ ಬೇಗ ಕರಗದೆ ವಿಷವಾಗುತ್ತದೆ. ಈರುಳ್ಳಿ ಅದರ ಕೆಂಪು ರಕ್ತಕಣಗಳನ್ನು ಕೆಡಿಸುತ್ತದೆ. ರೇಬೀಸ್ ಲಸಿಕೆಯ ವಿಷಯದಲ್ಲಂತೂ ಉದಾಸೀನ ಕೂಡದು. ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರ್ 1885ರಲ್ಲಿ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಲಸಿಕೆ ಕೊಟ್ಟು ಉಳಿಸಿದ ಕಥೆ ಎಲ್ಲರಿಗೂ ಗೊತ್ತು. ಆದರೂ ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಸಾವು ಇಂದಿಗೂ ಬಹುತೇಕ ಖಚಿತ. ನಮ್ಮ ನಾಯಿಯೇ ತಾನೇ ಎಂದು ಅರಿಸಿನ ಮೆತ್ತಿ ಸುಮ್ಮನಾಗಬಾರದು. ಕಚ್ಚಿದ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಬೇಕು.

ಕೊನೆಗೆ, ನಾಯಿ ಸತ್ತಾಗ ಮಕ್ಕಳಿಗೆ ಏನು ಹೇಳುವುದು? ಬಹಳ ಪಾಲಕರು 'ಹೋಗಲಿ ಬಿಡು, ಇನ್ನೊಂದು ತಂದರಾಯ್ತು' ಎನ್ನುತ್ತಾರೆ. ಇದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. ನಮ್ಮ ಎಂಟನೆಯ ತರಗತಿಯ ಹುಡುಗನೊಬ್ಬ ಮೂರು ದಿನ ಶಾಲೆಗೆ ಬರಲಿಲ್ಲ. ಲಾರಿಗೆ ಸಿಕ್ಕಿ ಅವನ ನಾಯಿ ಸತ್ತಿತ್ತು. ನಾಲ್ಕನೆಯ ದಿನ ರಜಾ ಚೀಟಿ ತಂದ. ಕಾರಣದ ಜಾಗದಲ್ಲಿ 'ಮನೆಯಲ್ಲಿ ಸಾವು' ಎಂದಿತ್ತು, ಕೆಳಗೆ ತಂದೆಯ ರುಜು. ಸಿಬ್ಬಂದಿ ಕೊಠಡಿಯಲ್ಲಿ ಒಂದಿಬ್ಬರು ನಕ್ಕರು. ಆ ತಂದೆ ಕೂಲಿ ಮಾಡುವವರು. ಒಂದು ದಿನದ ಕೂಲಿ ಬಿಟ್ಟು, ಮಗನೊಂದಿಗೆ ಸೇರಿ ಹಿತ್ತಲಿನಲ್ಲಿ ಆಳವಾಗಿ ಗುಂಡಿ ತೋಡಿ, ನಾಯಿಯನ್ನು ಮಣ್ಣು ಮಾಡಿ, ಮೇಲೆ ಹೊಂಗೆ ಸಸಿ ನೆಟ್ಟಿದ್ದರಂತೆ. ನಮ್ಮ ಮುಖ್ಯೋಪಾಧ್ಯಾಯರು ಚೀಟಿಯನ್ನು ಎರಡು ಸಲ ಓದಿದರು. ಏನೂ ಕೇಳದೆ ರುಜು ಹಾಕಿ, ಹಾಜರಿ ಪುಸ್ತಕದೊಳಗಿಡಲು ನನ್ನ ಕೈಗೆ ಕೊಟ್ಟರು.