ಅಕ್ಕಿ ಡಬ್ಬದ ಹಿಂದಿನ ಮಾತ್ರೆ

ನಮ್ಮ ಮನೆಯಲ್ಲಿ ಮಾತ್ರೆಗಳಿಗೂ ಅಂತಸ್ತು ಇತ್ತು. ಅಪ್ಪನ ಬಿ.ಪಿ. ಮಾತ್ರೆ ಎಲ್ಲರಿಗೂ ಕಾಣುವಂತೆ ಟಿ.ವಿ. ಮೇಲೆ ಕೂತಿರುತ್ತಿತ್ತು. ಅಜ್ಜಿಯ ಮಂಡಿನೋವಿನದು ಕಿಟಕಿಯಲ್ಲಿ. ನನ್ನದಕ್ಕೆ ಮಾತ್ರ ಅಕ್ಕಿ ಡಬ್ಬದ ಹಿಂದೆ ಅಜ್ಞಾತವಾಸ. ಅದು ‘ಮಕ್ಕಳಾಗದ ಮಾತ್ರೆ’. ನಾನೋ ಸೆಕೆಂಡ್ ಪಿಯುಸಿ ಓದುತ್ತಿದ್ದ, ಮದುವೆಯಾಗದ ಹುಡುಗಿ.

ಮುಟ್ಟಾದರೆ ಹತ್ತು ಹನ್ನೆರಡು ದಿನ ನಿಲ್ಲುತ್ತಿರಲಿಲ್ಲ. ಅಶೋಕಾರಿಷ್ಟದ ಬಾಟಲಿಗಳು ಖಾಲಿಯಾದವು, ಬೀಟ್‌ರೂಟ್ ಪಲ್ಯದ ಮೇಲೆ ಜನ್ಮಕ್ಕಾಗುವಷ್ಟು ದ್ವೇಷ ಹುಟ್ಟಿತು. ಕೊನೆಗೆ ದಾವಣಗೆರೆಯ ಲೇಡಿ ಡಾಕ್ಟರೊಬ್ಬರು ರಕ್ತ ಪರೀಕ್ಷೆ ಮಾಡಿಸಿ, ಹಿಮೋಗ್ಲೋಬಿನ್ ಏಳಕ್ಕಿಳಿಯುವವರೆಗೂ ಏನು ಮಾಡ್ತಿದ್ರಿ ಎಂದು ಅಮ್ಮನನ್ನು ಬೈದು, ಇಪ್ಪತ್ತೆಂಟು ಮಾತ್ರೆಯ ಪಟ್ಟಿ ಬರೆದುಕೊಟ್ಟರು. ನಮ್ಮೂರು ಹೊಳಲ್ಕೆರೆಗೆ ಬಂದು ಚೀಟಿ ಕೊಟ್ಟರೆ ಅಂಗಡಿಯವನು ಚೀಟಿ ನೋಡಿದ, ಅಮ್ಮನನ್ನು ನೋಡಿದ, ಹಿಂದೆ ನಿಂತಿದ್ದ ನನ್ನನ್ನೂ ನೋಡಿದ. ಮಾರನೆಯ ತಿಂಗಳಿಂದ ಅಮ್ಮ ಮಾತ್ರೆಗಾಗಿ ಚಿತ್ರದುರ್ಗದ ಬಸ್ಸು ಹತ್ತತೊಡಗಿದಳು. “ಇಲ್ಲೇ ತಗಂಡ್ರೆ ಸಂಜೆಯೊಳಗೆ ಬಯಲು ಗಣಪತಿಗೂ ಗೊತ್ತಾಗುತ್ತೆ ಕಣೇ” ಅನ್ನುತ್ತಿದ್ದಳು. ತಲೆಯ ಮೇಲೆ ಸೂರಿಲ್ಲದೆ ಊರನ್ನೆಲ್ಲ ನೋಡುತ್ತ ಕೂತ ದೇವರು, ಗೊತ್ತಾಗದೇ ಇರುತ್ತದೆಯೇ?

ಎಷ್ಟೋ ವರ್ಷಗಳ ಮೇಲೆ ಈ ಮಾತ್ರೆಯ ಚರಿತ್ರೆ ಓದಿ ನಕ್ಕೆ. ಮಾರ್ಗರೆಟ್ ಸ್ಯಾಂಗರ್ ಹಟ, ಕ್ಯಾಥರೀನ್ ಮೆಕಾರ್ಮಿಕ್ ಹಣ, ಗ್ರೆಗರಿ ಪಿಂಕಸ್ ಮತ್ತು ಜಾನ್ ರಾಕ್ ಪ್ರಯೋಗ ಎಲ್ಲ ಸೇರಿ ಹುಟ್ಟಿದ ‘ಎನೋವಿಡ್’ಗೆ ಅಮೆರಿಕದಲ್ಲಿ 1957ರಲ್ಲಿ ಒಪ್ಪಿಗೆ ಸಿಕ್ಕಿದ್ದು ಮುಟ್ಟಿನ ತೊಂದರೆಗಳಿಗೆ. ಗರ್ಭ ತಡೆಯಲು ಕೊಡಬಹುದೆಂದು ಒಪ್ಪಿದ್ದು 1960ರಲ್ಲಿ. ನಡುವಿನ ವರ್ಷಗಳಲ್ಲಿ ಲಕ್ಷಗಟ್ಟಲೆ ಅಮೆರಿಕನ್ ಹೆಂಗಸರಿಗೆ ಇದ್ದಕ್ಕಿದ್ದಂತೆ ಮುಟ್ಟಿನ ತೊಂದರೆ ಕಾಣಿಸಿಕೊಂಡಿತು! ಅವರು ಕಾಯಿಲೆಯ ಹೆಸರು ಹೇಳಿ ಗರ್ಭನಿರೋಧಕ ನುಂಗಿದರು. ಕಾಯಿಲೆ ನಿಜವಾಗಿಯೂ ಇದ್ದ ನಾನು ಅದರ ಮದ್ದನ್ನು ಕದ್ದು ನುಂಗುತ್ತಿದ್ದೆ.

ನಮ್ಮ ಸೀಮೆಗೇನೂ ಈ ವಿಷಯ ಹೊಸದಲ್ಲ. ಹೊಳಲ್ಕೆರೆ ಮೈಸೂರು ಸಂಸ್ಥಾನಕ್ಕೆ ಸೇರಿದ್ದಾಗಲೇ, 1930ರಲ್ಲಿ, ಸರ್ಕಾರ ಬೆಂಗಳೂರು, ಮೈಸೂರುಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆದಿತ್ತು. ಸರ್ಕಾರವೇ ಮುಂದೆ ನಿಂತು ಇಂಥದ್ದು ಮಾಡಿದ್ದು ಜಗತ್ತಿನಲ್ಲೇ ಮೊದಲು ಅನ್ನುತ್ತಾರೆ. 1950ರ ದಶಕದಲ್ಲಿ ರಾಮನಗರದ ಹೆಂಗಸರಿಗೆ ಬಣ್ಣದ ಮಣಿಸರ ಕೊಟ್ಟು ದಿನ ಎಣಿಸಲು ಕಲಿಸಿದ ಪ್ರಯೋಗವೂ ನಡೆಯಿತು. ಇಷ್ಟೆಲ್ಲ ಆಗಿಯೂ ಅಕ್ಕಿ ಡಬ್ಬದ ಹಿಂದಿನ ಜಾಗ ಬದಲಾಗಲಿಲ್ಲ.

ಮಾತ್ರೆ ಮಾಡುವ ಕೆಲಸದಲ್ಲಿ ಗುಟ್ಟೇನಿಲ್ಲ. ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್ ದಿನಾ ಹೊರಗಿನಿಂದ ಬರುತ್ತಿದ್ದರೆ ಅಂಡಾಶಯ ಅಂಡ ಬಿಡುವುದಿಲ್ಲ, ಗರ್ಭಕೋಶದ ಒಳಪದರವೂ ದಪ್ಪಗೆ ಬೆಳೆಯುವುದಿಲ್ಲ. ಬೆಳೆಯದೇ ಇದ್ದದ್ದು ಉದುರುವುದೆಲ್ಲಿಂದ? ಸ್ರಾವ ಕಡಿಮೆ, ನೋವೂ ಕಡಿಮೆ. ಸರ್ಕಾರದ ಮಾಲಾ-ಎನ್ ಪಟ್ಟಿಯನ್ನೇ ನೋಡಿ: 21 ಬಿಳಿ ಮಾತ್ರೆಗಳಲ್ಲಿ ಹಾರ್ಮೋನು, ಉಳಿದ 7 ಕಂದು ಮಾತ್ರೆಗಳಲ್ಲಿ ಬರೀ ಕಬ್ಬಿಣಾಂಶ. ಆ ಏಳು ದಿನಗಳಲ್ಲಿ ಕಾಣುವುದು ನಿಜವಾದ ಮುಟ್ಟೂ ಅಲ್ಲ. ಹಾರ್ಮೋನು ನಿಂತಿದ್ದಕ್ಕೆ ಆಗುವ ಸ್ರಾವ, ಅಷ್ಟೆ. ತಿಂಗಳಿಗೊಮ್ಮೆ ಕಾಣದಿದ್ದರೆ ಹೆಂಗಸರು ಗಾಬರಿಯಾದಾರೆಂದು ಮಾಡಿದ ಏರ್ಪಾಡು. ಇದನ್ನು ಅಜ್ಜಿಗೆ ಹೇಳಲಿಲ್ಲ. “ಸರಿಯಾಗಿ ತಿಂಗಳಿಗೊಂದ್ಸಲ ಆಗ್ತೈತಲ್ಲ, ಬಿಡು” ಎಂದು ಆಕೆ ನೆಮ್ಮದಿಯಾಗಿದ್ದಳು. ಕಂದು ಮಾತ್ರೆ ದಂಡವೆಂದು ಬಿಸಾಡುವವರನ್ನು ಕಂಡಿದ್ದೇನೆ. ನನ್ನಂಥ ಬಿಳಿಚಿಕೊಂಡವರಿಗೆ ಬೇಕಾದದ್ದು ಅದೂ ಹೌದು.

ಪಿಸಿಓಡಿಗೆ, ಎಂಡೊಮೆಟ್ರಿಯೋಸಿಸ್ ನೋವಿಗೆ, ಕೆಲವರ ಮೊಡವೆಗೂ ಇದನ್ನೇ ಕೊಡುತ್ತಾರೆ. ಅಂಡಾಶಯ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರಿನ ಸಾಧ್ಯತೆಯನ್ನೂ ಇದು ತಗ್ಗಿಸುತ್ತದೆ, ಬಿಟ್ಟ ಮೇಲೂ ವರ್ಷಗಟ್ಟಲೆ. ಮುಂದೆ ಮಕ್ಕಳಾಗುವುದಿಲ್ಲ ಎನ್ನುವುದು ಅಮ್ಮನ ದೊಡ್ಡ ಭಯವಾಗಿತ್ತು. ಮಾತ್ರೆ ಬಿಟ್ಟ ಮೇಲೆ ಫಲವಂತಿಕೆ ಮರಳುತ್ತದೆ. ನನಗೀಗ, ಗೋಡೆಗಳ ಮೇಲೆ ಬರೆಯುತ್ತಿದ್ದರಲ್ಲ ಹಾಗೆ, ಆರತಿಗೊಬ್ಬಳು, ಕೀರ್ತಿಗೊಬ್ಬ.

ದೊಡ್ಡಮ್ಮನದು ಬೇರೆ ಕಥೆ. ಅವಳಿಗೂ ನನ್ನದೇ ತೊಂದರೆ. ಎರಡನೇ ಹೆರಿಗೆಗೇ ಮಕ್ಕಳಾಗದಂತೆ ಆಪರೇಷನ್ ಆಗಿತ್ತು. ಹಾಗಾಗಿ ‘ಮಕ್ಕಳಾಗದ ಮಾತ್ರೆ’ ಅವಳಿಗೇಕೆ ಎಂದು ಯಾರಿಗೂ ತೋಚಲಿಲ್ಲ. “ಮಕ್ಕಳಾದ್ವಲ್ಲ, ಇನ್ಯಾಕೆ ಆ ಚೀಲ” ಎಂದರು, ಮೂವತ್ತೈದು ತುಂಬುವ ಮೊದಲೇ ಗರ್ಭಕೋಶ ಹೋಯಿತು. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಪರೇಷನ್ ಆದವರೇ. ಹೀಗೆ ಅಷ್ಟೂ ಮಂದಿಯ ಪಾಲಿಗೆ ಈ ಮಾತ್ರೆ ಕೆಲಸಕ್ಕೆ ಬಾರದ್ದಾಗಿ ಕಾಣುತ್ತದೆ. 2015ರಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಂಗಸರು ಕಾರಣವಿಲ್ಲದೆ ಗರ್ಭಕೋಶ ಕಳೆದುಕೊಂಡ ಸುದ್ದಿ ಬಂದಾಗ ನನಗೆ ದೊಡ್ಡಮ್ಮನೇ ಕಂಡಳು.

ಎಲ್ಲರಿಗೂ ಇದು ಆಗಿಬರುವುದಿಲ್ಲ. ಬಿ.ಪಿ. ಹೆಚ್ಚಿರುವವರು, ಮೂವತ್ತೈದು ದಾಟಿ ಬೀಡಿ-ಸಿಗರೇಟು ಸೇದುವವರು, ಕಣ್ಣಿಗೆ ಮಿಂಚು ಬಂದು ಅರೆತಲೆನೋವು ಶುರುವಾಗುವವರು, ರಕ್ತ ಹೆಪ್ಪುಗಟ್ಟಿದ ಚರಿತ್ರೆ ಇದ್ದವರು, ಎಳೆಗೂಸಿಗೆ ಹಾಲೂಡಿಸುವವರು ಮುಟ್ಟಬಾರದು. ಪಕ್ಕದ ಮನೆಯಾಕೆಯ ಪಟ್ಟಿಯಿಂದ ಎರಡು ಮುರಿದುಕೊಂಡು ನುಂಗುವುದಂತೂ ಬೇಡವೇ ಬೇಡ. ಆದರೆ ರಕ್ತಸ್ರಾವಕ್ಕೆ ಗರ್ಭಕೋಶ ತೆಗೆಸಿಬಿಡಿ ಎಂದು ಯಾರಾದರೂ ಹೇಳಿದರೆ, ಸಹಿ ಹಾಕುವ ಮೊದಲು ‘ಇದಕ್ಕೆ ಮಾತ್ರೆ ಆಗಲ್ವಾ ಡಾಕ್ಟ್ರೇ’ ಎಂದು ಕೇಳಿ. ಆಪರೇಷನ್ ಆಗಿದ್ದರೂ ಕೇಳಿ.