ನೀರು ಬಿಡುವ ಹೊತ್ತು

ಸೀವುಡ್ಸ್‌ನ ನಮ್ಮ ಕಟ್ಟಡದಲ್ಲಿ ಬೆಳಿಗ್ಗೆ ಆರರಿಂದ ಏಳೂವರೆವರೆಗೆ ನೀರು. ಮೋರ್ಬೆ ಅಣೆಕಟ್ಟಿನಿಂದ ಬರುವ ಆ ನೀರಿಗೆ ನಮ್ಮ ದಿನಚರಿಯೇ ಹೊಂದಿಕೊಂಡಿದೆ. ನಲ್ಲಿಯ ಸದ್ದು ಕೇಳಿದಾಗೆಲ್ಲ ಮಾನ್ವಿ ತಾಲ್ಲೂಕಿನ ನಮ್ಮ ನಾಲ್ಕೆಕರೆ ಹತ್ತಿ ಹೊಲ ನೆನಪಾಗುತ್ತದೆ.

ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗ. 227 ಕಿಲೋಮೀಟರ್ ಉದ್ದದ ಕಾಲುವೆ. ಗಂಗಾವತಿ, ಸಿಂಧನೂರಿನ ಭತ್ತದ ಗದ್ದೆಗಳನ್ನು ದಾಟಿ ಬರಬೇಕಾದ ನೀರು ಬೇಕಾದಾಗ ಇರುವುದಿಲ್ಲ, ಬಂದಾಗ ಬೇಡ ಎನ್ನಲು ಮನಸ್ಸಾಗುವುದಿಲ್ಲ.

ಮೂರು ವರ್ಷದ ಹಿಂದೆ ಅಪ್ಪನಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ನಮ್ಮ ಮನೆಯಲ್ಲೇ ಇದ್ದರು. ಹೊಲ ನನ್ನ ಫೋನಿಗೆ ಬಂತು. ಸೆಪ್ಟೆಂಬರಿನಲ್ಲಿ ಮೂರು ವಾರ ಮಳೆಯಿಲ್ಲ. ಗಿಡ ಹೂ-ಕಾಯಿಯ ಹಂತದಲ್ಲಿತ್ತು, ಎರೆನೆಲ ಬಿರುಕು ಬಿಟ್ಟಿತ್ತು. ಐರೋಲಿಯ ಆಫೀಸಿಗೆಂದು ನೆರೂಳಿನಲ್ಲಿ ರೈಲು ಬದಲಿಸುವಾಗ ಕಾಕಾ ಫೋನ್ ಮಾಡಿದರು.

"ಕಾಲುವಿಗೆ ನೀರು ಬಂದೈತಿ, ಎಷ್ಟು ಬಿಡೂಣು?"

"ತುಂಬ ಬಿಡ್ರಿ ಕಾಕಾ, ಮತ್ಯಾವಾಗ ಬರತೈತೋ" ಎಂದೆ. ಮನೆಯಲ್ಲಿದ್ದ ಅಪ್ಪನನ್ನು ಒಂದು ಮಾತು ಕೇಳಲಿಲ್ಲ.

ಎರಡು ದಿನ ಹೊಲದಲ್ಲಿ ನೀರು ನಿಂತಿತು. ವಾರದೊಳಗೆ ಮೊಗ್ಗು, ಎಳೆಗಾಯಿ ಉದುರಿದವು. ಕೆಲವು ಗಿಡ ನಿಂತಲ್ಲೇ ಸೊರಗಿದವು. ಆಮೇಲೆ ಅಪ್ಪ ವಿವರಿಸಿದರು: ಬಾಯಾರಿದ ಗಿಡಕ್ಕೆ ಒಮ್ಮೆಗೇ ನೀರು ತುಂಬಿದರೆ ಎರೆಯಲ್ಲಿ ಬೇರಿಗೆ ಉಸಿರು ಕಟ್ಟುತ್ತದೆ, ಗಿಡ ಜೀವ ಉಳಿಸಿಕೊಳ್ಳಲು ಹೊತ್ತದ್ದನ್ನು ಇಳಿಸುತ್ತದೆ. ಸಾಲು ಬಿಟ್ಟು ಸಾಲಿಗೆ ತೆಳುವಾಗಿ ಹಾಯಿಸಬೇಕಿತ್ತು. ಎಳೆಯ ಗಿಡಕ್ಕೆ ಹೆಚ್ಚು ಕೊಟ್ಟರೆ ಬರೀ ಎಲೆ. ಕಾಯಿ ಒಡೆಯುವಾಗ ಕೊಟ್ಟರೆ ಕಾಯಿ ಕೊಳೆಯುತ್ತದೆ, ಬೆಳೆ ತಡವಾಗಿ ಗುಲಾಬಿ ಕಾಯಿಕೊರಕಕ್ಕೆ ಹಬ್ಬ.

ಎಕರೆಗೆ ಹತ್ತು ಕ್ವಿಂಟಲ್ ಕೊಡುತ್ತಿದ್ದ ಹೊಲ ಆರಕ್ಕೆ ಇಳಿಯಿತು. ನನ್ನ ಸಂಬಳದ ಲೆಕ್ಕದಲ್ಲಿ ಅದು ದೊಡ್ಡ ಮೊತ್ತವಲ್ಲ. ಅಪ್ಪ ಬೈಯಲಿಲ್ಲ. "ಹೊಲ ಲಾವಣಿಗೆ ಹಾಕೂಣೇನು?" ಎಂದಷ್ಟೇ ಕೇಳಿದರು. ನಲವತ್ತು ವರ್ಷ ತಾವೇ ಉತ್ತ ಹೊಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಲಾವಣಿಗೆ ಹಾಕಲಿಲ್ಲ. ಅಪ್ಪ ಊರಿಗೆ ಮರಳಿದ್ದಾರೆ, ಬದುವಿನ ಮೇಲೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನಾನು ವಿಡಿಯೋ ಕಾಲ್‌ನಲ್ಲಿ ಗಿಡ ನೋಡುವುದನ್ನು ಕಲಿಯುತ್ತಿದ್ದೇನೆ. ಮಧ್ಯಾಹ್ನ ಬಾಡಿದ್ದು ಸಂಜೆಗೆ ಚೇತರಿಸಿಕೊಂಡರೆ ಕಾಯಬಹುದು. ಬೆಳಿಗ್ಗೆಯೂ ಬಾಡಿಯೇ ಇದ್ದರೆ ತಡವಾಗಿದೆ ಎಂದರ್ಥ.

ಕಳೆದ ವಾರ ಕೇಳಿದೆ, "ಅಪ್ಪಾ, ಇವತ್ತು ನೀರು ಬಿಡೂಣೇನು?"

"ನೀನ ಹೇಳು."

"ಸಂಜೀಗೆ ಗಿಡ ನೋಡಿ ಹೇಳ್ತೀನಿ" ಅಂದೆ. ಅಪ್ಪ ನಕ್ಕರು.