ತಂಗಿಯ ಹಡಗು, ನನ್ನ ಹರಿಗೋಲು

“ಅಕ್ಕಾ, ಗಂಗಾವತ್ಯಾಗ ಇಪ್ಪತ್ತೆರಡು ವರ್ಷ ಸಂಸಾರ ಮಾಡೀದಿ. ಆನೆಗೊಂದಿ ಇಲ್ಲೇ ಮಗ್ಗಲದಾಗ ಐತಿ. ಒಮ್ಮೆನೂ ಹರಿಗೋಲ ಹತ್ತಿಲ್ಲಂದ್ರ ಯಾರರ ನಂಬ್ತಾರೇನ?”

ಜರ್ಮನಿಯಿಂದ ರಜೆಗೆಂದು ಬಂದಿದ್ದ ನನ್ನ ತಂಗಿ ಹೀಗೆ ಕೇಳಿದಾಗ ನಾನು ಎಣ್ಣೆಗಾಯಿಗೆ ಬದನೆಕಾಯಿ ಸೀಳುತ್ತಿದ್ದೆ. “ಮನಿ ಕೆಲಸ ಮುಗದ್ರ ಅಲ್ಲೇನ ಹರಿಗೋಲು?” ಎಂದು ನಕ್ಕು ಮಾತು ಹಾರಿಸಿದೆ. ಆದರೆ ಮನಸ್ಸಿಗೆ ಎಲ್ಲೋ ಚುಚ್ಚಿತು. ಅವಳ ಮಾತಿನ ಹಿಂದೆ ಹಡಗಿನ ವಿಷಯ ಇದೆ ಎಂಬುದು ನನಗೆ ಗೊತ್ತಿತ್ತು.

ಎರಡು ವರ್ಷದ ಹಿಂದೆ ತಂಗಿ ಮತ್ತು ಅವಳ ಯಜಮಾನರು ಚಿಕ್ಕದೊಂದು ಹಡಗಿನಲ್ಲಿ ಎಂಟು ದಿನ ಪ್ರವಾಸ ಮಾಡಿದರು. ಇಟಲಿಯ ವೆನಿಸ್‌ನಿಂದ ಹೊರಟು, ಏಡ್ರಿಯಾಟಿಕ್ ಸಮುದ್ರದ ದಂಡೆ ಹಿಡಿದು, ಕ್ರೊಯೇಷಿಯಾ ದೇಶದ ಸ್ಪ್ಲಿಟ್, ಕೋರ್ಚುಲಾ, ಡುಬ್ರೋವ್ನಿಕ್ ಊರುಗಳನ್ನು ನೋಡಿ, ಮಾಂಟೆನೆಗ್ರೊ ದೇಶದ ಕೋಟರ್ ಎಂಬಲ್ಲಿ ಇಳಿದರಂತೆ. ಏಡ್ರಿಯಾಟಿಕ್ ಎಂದರೆ ಮೆಡಿಟರೇನಿಯನ್ ಸಮುದ್ರದ್ದೇ ಒಂದು ತೋಳು. ಒಂದು ಮಗ್ಗುಲಿಗೆ ಇಟಲಿ, ಇನ್ನೊಂದು ಮಗ್ಗುಲಿಗೆ ಕ್ರೊಯೇಷಿಯಾ. ದೊಡ್ಡ ಹಡಗುಗಳಲ್ಲಿ ಸಾವಿರಾರು ಜನ ಇರುತ್ತಾರೆ. ಇವರ ಹಡಗಿನಲ್ಲಿ ಇದ್ದದ್ದು ಮೂವತ್ತೆಂಟೇ ಮಂದಿ. ಚಿಕ್ಕದಾದ್ದರಿಂದ ಊರಿನ ಕಟ್ಟೆಗೇ ಹೋಗಿ ನಿಲ್ಲುತ್ತದೆ, ಇಳಿದು ನಾಲ್ಕು ಹೆಜ್ಜೆ ನಡೆದರೆ ಪೇಟೆ. ದೊಡ್ಡ ಹಡಗುಗಳು ವೆನಿಸ್ ಊರೊಳಗಿನ ದೊಡ್ಡ ಕಾಲುವೆಗೆ ಬರಕೂಡದೆಂದು 2021ರಲ್ಲಿ ಇಟಲಿ ಸರ್ಕಾರವೇ ತಡೆ ಹಾಕಿತು ಎಂದೂ ಅವಳು ಹೇಳಿದಳು.

ಹಾಸಿಗೆ ಮಡಚುವುದರಿಂದ ಹಿಡಿದು ಕಾಫಿ ಲೋಟ ತೊಳೆಯುವವರೆಗೆ ಎಲ್ಲ ಕೆಲಸ ಬೇರೆಯವರದ್ದು. “ಎಂಟು ದಿನ ಒಂದು ಚಮಚಾ ಸೈತ ತೊಳೀಲಿಲ್ಲಕ್ಕಾ” ಎಂದಳು. ಅದೊಂದು ಮಾತಿಗೆ ನನಗೆ ನಿಜವಾಗಿ ಹೊಟ್ಟೆಕಿಚ್ಚಾಯಿತು! ಟಿಕೇಟಿನ ದರ ಕೇಳಿದ ನಮ್ಮ ಮನೆಯವರು ಮಾತ್ರ, “ಅಷ್ಟು ರೊಕ್ಕದಾಗ ಯಲಬುರ್ಗಾದ ಹೊಲಕ್ಕ ಎರಡು ಬೋರು ಹೊಡಸಬಹುದಿತ್ತು” ಎಂದು ಲೆಕ್ಕ ಹಾಕಿದರು.

ಆ ಪ್ರವಾಸಕ್ಕೆ ತಂಗಿ ನನ್ನನ್ನೂ ಕರೆದಿದ್ದಳು. ಖರ್ಚೆಲ್ಲ ತನ್ನದೇ, ನೀನು ಪಾಸ್‌ಪೋರ್ಟ್ ಒಂದು ಮಾಡಿಸಿಕೋ ಸಾಕು ಎಂದಿದ್ದಳು. ಫೋಟೋ ಕೂಡ ತೆಗೆಸಿಬಿಟ್ಟಿದ್ದೆ. ಕೊನೆಗೆ ಅತ್ತೆಯವರ ಮೊಣಕಾಲು ನೋವು, ಮಗನ ಪರೀಕ್ಷೆ ಎಂದು ಹೇಳಿ ಜಾರಿಕೊಂಡೆ. ಆ ಫೋಟೋಗಳು ರೇಷನ್ ಕಾರ್ಡಿನ ಚೀಲದಲ್ಲಿ ಹಾಗೇ ಉಳಿದವು.

ತಂಗಿ ಬಂದಳೆಂದು ಅವ್ವನೂ ಯಲಬುರ್ಗಾ ಕಡೆಯ ಊರಿನಿಂದ ಬಂದಿದ್ದಳು. ನಮ್ಮಿಬ್ಬರ ಮಾತು ಕೇಳುತ್ತ ಕುಳಿತವಳು, “ನಾಳೆ ಮುಂಜಾನೆ ಹೋಗೂನು ನಡೀರಿ. ನಂಗೂ ನೋಡಬೇಕಾಗೇತಿ ಅದೇನ ಅಂತ” ಎಂದು ತೀರ್ಮಾನ ಕೊಟ್ಟಳು. ಎಪ್ಪತ್ತು ದಾಟಿದವಳು ಹೊರಟ ಮೇಲೆ ನಾನು ಯಾವ ಮುಖದಿಂದ ಒಲ್ಲೆ ಅನ್ನಲಿ?

ಬೆಳಗಿನ ಐದಕ್ಕೇ ಎದ್ದು ಬುತ್ತಿ ಕಟ್ಟಿದೆ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಪುಡಿ, ಗಟ್ಟಿ ಮೊಸರು, ಒಂದಿಷ್ಟು ಮಾದಲಿ. ಗಂಗಾವತಿಯಿಂದ ಆನೆಗೊಂದಿ ಹನ್ನೆರಡು ಕಿಲೋಮೀಟರಿನ ಆಸುಪಾಸು. ದಾರಿಯುದ್ದಕ್ಕೂ ಒಂದು ಕಡೆ ಭತ್ತದ ಗದ್ದೆ, ಒಂದು ಕಡೆ ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆಗುಂಡುಗಳು. ಹನುಮಂತ ಹುಟ್ಟಿದ ಜಾಗವೆಂದು ಜನ ನಂಬುವ ಅಂಜನಾದ್ರಿ ಬೆಟ್ಟ ಇಲ್ಲೇ ಇದೆ. ಅದರ 575 ಮೆಟ್ಟಿಲು ಏರಲಾರದೆ ಅವ್ವ ಕೆಳಗಿನಿಂದಲೇ ಕೈಮುಗಿದಳು.

ಈ ಹಸಿರು ನೋಡಿದಾಗಲೆಲ್ಲ ನನಗೆ ತವರಿನ ನೆನಪಾಗುತ್ತದೆ. 1997ರಲ್ಲಿ ರಾಯಚೂರು ಒಡೆದು ಕೊಪ್ಪಳ ಜಿಲ್ಲೆ ಆದಾಗ ಅದಕ್ಕೆ ಸೇರಿದ್ದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕು. ಜಿಲ್ಲೆ ಒಂದೇ ಆದರೂ ನೀರಿನ ಹಣೆಬರಹ ಬೇರೆ ಬೇರೆ. ಮುನಿರಾಬಾದಿನ ಹತ್ತಿರ ತುಂಗಭದ್ರೆಗೆ ಅಣೆಕಟ್ಟು ಕಟ್ಟಿ 1953ರಲ್ಲಿ ಮುಗಿಸಿದರು. ಅದರ ಎಡದಂಡೆ ಕಾಲುವೆಯಿಂದ ಗಂಗಾವತಿ ಭತ್ತದ ಕಣಜವಾಯಿತು. ಕುಷ್ಟಗಿ, ಯಲಬುರ್ಗಾದ ನಾವು ಸಜ್ಜೆ, ಜೋಳ ಬಿತ್ತಿ ಮುಗಿಲು ನೋಡುವವರು. ಚಿಕ್ಕಂದಿನಲ್ಲಿ ನಾನೂ ತಂಗಿಯೂ ಕಂಡ ನೀರೆಂದರೆ ಕೊಡದೊಳಗಿನ ನೀರು. ಮದುವೆಯಾಗಿ ಬಂದ ಮೇಲೆಯೇ ನಾನು ಮೊದಲ ಸಲ ಹೊಳೆ ನೋಡಿದ್ದು. ನೋಡಿದ ದಿನವೇ ಭಯ ಹೊಕ್ಕಿತು. ಇಷ್ಟು ನೀರು ಒಂದೇ ಕಡೆ ಸುಮ್ಮನೆ ಹರಿದು ಹೋಗುವುದು ನನಗೆ ಒಗ್ಗಲೇ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ನಾನು ಎಷ್ಟೋ ಹೊತ್ತು ನಿದ್ದೆ ಮಾಡಿರಲಿಲ್ಲ.

ಆದರೆ ಆ ಜನವರಿಯ ಮುಂಜಾನೆ ಹೊಳೆ ತಣ್ಣಗೆ, ತಿಳಿಯಾಗಿ ಹರಿಯುತ್ತಿತ್ತು. ಆನೆಗೊಂದಿಯ ಕೋಟೆ ಬಾಗಿಲು ದಾಟಿ ದಡಕ್ಕೆ ಇಳಿದರೆ ಮೂರ್ನಾಲ್ಕು ಹರಿಗೋಲು ಬೋರಲು ಮಲಗಿದ್ದವು. ಕೆಲವರು ತೆಪ್ಪ ಎಂದೂ ಅನ್ನುತ್ತಾರೆ. ಬಿದಿರಿನ ಸೀಳುಗಳನ್ನು ದೊಡ್ಡ ಬುಟ್ಟಿಯ ಹಾಗೆ ಹೆಣೆದಿರುತ್ತಾರೆ. ಹಿಂದೆ ಹೊರಗಡೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿ ಡಾಂಬರು ಬಳಿಯುತ್ತಾರೆ. ಮುಂದು ಹಿಂದು ಎಂಬುದೇ ಇಲ್ಲ, ಇಂಜಿನ್ ಇಲ್ಲ, ಒಂದು ಹುಟ್ಟಿನಲ್ಲೇ ಅಂಬಿಗ ನಡೆಸುತ್ತಾನೆ. 1520ರ ಹೊತ್ತಿಗೆ, ಕೃಷ್ಣದೇವರಾಯನ ಕಾಲದಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಈ ಬುಟ್ಟಿ ದೋಣಿಗಳ ಬಗ್ಗೆ ಬರೆದಿಟ್ಟಿದ್ದಾನೆ. ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಸಾಗುತ್ತವೆ ಎಂದು ಅವನಿಗೂ ಸೋಜಿಗ. ಐನೂರು ವರ್ಷವಾದರೂ ಆ ಸುತ್ತು ಬದಲಾಗಿಲ್ಲ.

“ಅಕ್ಕಾರ, ನಟ್ಟ ನಡುವ ಕಾಲಿಡ್ರಿ. ಒಬ್ಬೊಬ್ಬರ ಬರ್ರಿ. ಎದ್ದು ನಿಂದರಬ್ಯಾಡ್ರಿ” ಎಂದ ಅಂಬಿಗ. ಅವ್ವ ಸೀರೆಯ ನಿರಿಗೆ ಎತ್ತಿ ಕಟ್ಟಿ ಎಲ್ಲರಿಗಿಂತ ಮೊದಲು ಹತ್ತಿ, ಕಾಲು ಮಡಚಿ ಕುಳಿತುಬಿಟ್ಟಳು. “ಏನಿಲ್ಲವಾ, ರೊಟ್ಟಿ ಬುಟ್ಟ್ಯಾಗ ಕುಂತಂಗ ಆಗತೈತಿ” ಎಂದು ನಕ್ಕಳು. ಜೀವರಕ್ಷಕ ಜಾಕೀಟು ಕೊಟ್ಟರೆ ಸೀರೆಯ ಮೇಲೆಯೇ ಬಿಗಿದುಕೊಂಡಳು. ನಾನು ಮಾತ್ರ ಒಂದು ಕಾಲು ದಡದಲ್ಲಿ, ಒಂದು ಕಾಲು ಹರಿಗೋಲಿನಲ್ಲಿ ಇಟ್ಟು ನಿಂತೇ ಇದ್ದೆ. ತಂಗಿ ಕೈಹಿಡಿದು ಎಳೆದುಕೊಂಡಳು.

ದಡ ಬಿಟ್ಟ ಕೂಡಲೇ ಅದು ತಿರುಗಲು ಶುರುವಾಯಿತು. ಬಂಡೆ, ಮಂಟಪ, ಆಕಾಶ ಎಲ್ಲ ಬೀಸುವ ಕಲ್ಲಿನ ಹಾಗೆ ಸುತ್ತಿದವು. ಕಣ್ಣು ಮುಚ್ಚಿ ತಂಗಿಯ ಕೈ ಬಿಗಿಯಾಗಿ ಹಿಡಿದೆ. “ಕಣ್ಣ ತಗಿ ಅಕ್ಕಾ, ಮುಚ್ಚಿದಷ್ಟೂ ತಲಿ ತಿರಗತೈತಿ” ಎಂದಳು. ತೆರೆದೆ. ಮೊಳ ದೂರದಲ್ಲೇ ನೀರು. ಕೈ ಚಾಚಿದರೆ ತಾಗುತ್ತದೆ. ಹುಟ್ಟು ನೀರಿಗೆ ಬೀಳುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ಗಮನಕ್ಕೆ ಬಂತು, ಒಲೆಯ ಮೇಲೆ ಹಾಲಿಲ್ಲ, ಕುಕ್ಕರಿನ ಸೀಟಿ ಎಣಿಸಬೇಕಾಗಿಲ್ಲ, ಯಾರೂ ‘ಅದೆಲ್ಲೈತಿ, ಇದೆಲ್ಲೈತಿ’ ಎಂದು ಕೂಗುತ್ತಿಲ್ಲ. ಬೇರೆಯವರು ನಡೆಸುತ್ತಿದ್ದಾರೆ, ನಾನು ಸುಮ್ಮನೆ ಕುಳಿತಿದ್ದೇನೆ. ನನಗೆ ಬುದ್ಧಿ ಬಂದಾಗಿನಿಂದ ಹೀಗೆ ಕುಳಿತ ನೆನಪಿಲ್ಲ.

ಆಗಲೇ ಬಾಯಿಂದ ಬಂದುಬಿಟ್ಟಿತು: “ಅತ್ತಿ ಮೊಣಕಾಲ ನೋವು ಸುಳ್ಳಲ್ಲ. ಆದ್ರ ನಾ ಬರದೇ ಇದ್ದದ್ದು ಅದಕ್ಕಲ್ಲವಾ. ನೀರು ಅಂದ್ರ ಹೆದರಿಕಿ. ಅದಕ್ಕಿಂತ ಹೆಚ್ಚು, ಆ ಮಂದ್ಯಾಗ ಕುಂತು ಚಮಚಾ ಹಿಡಿದು ಹ್ಯಾಂಗ ಉಣ್ಣಲಿ, ಇಂಗ್ಲೀಷ ಬರದಾಕಿ ಏನ ಮಾತಾಡಲಿ, ನಿನ್ನ ಮಾನ ಹೋದೀತು ಅಂತ...”

ತಂಗಿ ಎಷ್ಟೋ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹಡಗು ಕೋಟರಿಗೆ ಹೋಗೂ ಮುಂದ ಎರಡೂ ಕಡೆ ಗುಡ್ಡ, ನಡುವ ನೀರು, ಹಿಂಗ ಇತ್ತು ನೋಡು. ಅಕ್ಕಾ ನೋಡ ಅಂತ ಒದರಬೇಕು ಅನಿಸ್ತು. ಹೊಳ್ಳಿ ನೋಡಿದ್ರ ಯಾರ ಇದ್ರು? ನೀ ಕೈಲೇ ಉಂಡಿದ್ರ ನಾನೂ ಕೈಲೇ ಉಣ್ಣತಿದ್ದೆ” ಎಂದಳು. ಅವಳ ಕಣ್ಣು ತುಂಬಿದ್ದವು. ಅವ್ವ ಮಾತ್ರ ಏನೂ ಕೇಳಿಸದವಳ ಹಾಗೆ ನೀರಿಗೆ ಕೈ ಇಳಿಬಿಟ್ಟು ಕುಳಿತಿದ್ದಳು.

ಆಚೆ ದಡ ತಳವಾರಘಟ್ಟ. ಅಲ್ಲಿಂದ ಮೆಲ್ಲಗೆ ನಡೆದು ಹಂಪಿಯ ವಿಠ್ಠಲ ದೇವಸ್ಥಾನ, ಕಲ್ಲಿನ ರಥ ನೋಡಿದೆವು. ಈಗಿನ 50 ರೂಪಾಯಿ ನೋಟಿನ ಹಿಂದೆ ಇರುವುದೂ ಇದೇ ರಥ. ಅವ್ವ ಬಾಳೆಕಾಯಿ ಚೀಲದಿಂದ ನೋಟು ತೆಗೆದು ರಥದ ಎದುರು ಹಿಡಿದು, ಗಾಲಿ ಸರಿಯಾಗಿ ಬರೆದಿದ್ದಾರೋ ಇಲ್ಲವೋ ಎಂದು ತಾಳೆ ನೋಡಿದಳು!

ಮರದ ನೆರಳಲ್ಲಿ ಬುತ್ತಿ ಬಿಚ್ಚಿದಾಗ ತಂಗಿ ಫೋನಿನಲ್ಲಿ ಓದಿ ಒಂದು ಸಂಗತಿ ಹೇಳಿದಳು. ವೆನಿಸ್ ರಾಜ್ಯದ ನಿಕೊಲೊ ಕೊಂಟಿ ಎಂಬ ವ್ಯಾಪಾರಿ 1420ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದನಂತೆ. ಅವನ ಊರು ಕ್ಯೋಜಾ ಇರುವುದು ಅದೇ ಏಡ್ರಿಯಾಟಿಕ್ ದಂಡೆಯಲ್ಲಿ. ವರ್ಷಗಟ್ಟಲೆ ತಿರುಗಿ ಊರಿಗೆ ಮರಳುವಾಗ ಈಜಿಪ್ಟಿನಲ್ಲಿ ಅವನ ಹೆಂಡತಿಯೂ ಇಬ್ಬರು ಮಕ್ಕಳೂ ಪ್ಲೇಗಿಗೆ ತೀರಿಕೊಂಡರು. ಕೊಂಟಿ ಕಂಡದ್ದೆಲ್ಲ ಪುಸ್ತಕವಾಯಿತು. ಅವನ ಹೆಂಡತಿ ಏನೇನು ಕಂಡಳೋ, ಯಾವ ನೀರಿಗೆ ಹೆದರಿದಳೋ, ಯಾರೂ ಕೇಳಿ ಬರೆದುಕೊಳ್ಳಲಿಲ್ಲ. ಕೈಯಲ್ಲಿನ ರೊಟ್ಟಿ ಹಾಗೇ ಉಳಿಯಿತು ನನಗೆ.

ಅಲ್ಲಿಯದೂ ಇಲ್ಲಿಯದೂ ಇನ್ನೊಂದು ಹೋಲಿಕೆ ಉಂಟು. ಸ್ಪ್ಲಿಟ್ ಊರಿನಲ್ಲಿ ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್ ಸುಮಾರು 1700 ವರ್ಷದ ಹಿಂದೆ ಕಟ್ಟಿಸಿದ ಅರಮನೆಯೊಳಗೆ ಈಗಲೂ ಜನ ಸಂಸಾರ ಮಾಡಿಕೊಂಡಿದ್ದಾರೆ, ಹಳೆಯ ಕಲ್ಲಿನ ಕಿಟಕಿಗೆ ಬಟ್ಟೆ ಒಣಹಾಕುತ್ತಾರೆ. ನಮ್ಮ ಆನೆಗೊಂದಿಯ ಕೋಟೆಯೊಳಗೂ ಮನೆಗಳಿವೆ, ಬಾಗಿಲಲ್ಲಿ ರಂಗೋಲಿ ಇದೆ. ಆದರೆ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿದ್ದ ಕುಟುಂಬಗಳನ್ನು 2011ರಲ್ಲಿ ತೆರವು ಮಾಡಿಸಿದರು. ಡುಬ್ರೋವ್ನಿಕ್ ಯುದ್ಧದ ಗುಂಡಿಗೆ ಸಿಕ್ಕಿ 1991ರಿಂದ 1998ರವರೆಗೆ ಯುನೆಸ್ಕೋದ ಅಪಾಯದ ಪಟ್ಟಿಯಲ್ಲಿತ್ತು. ನಮ್ಮ ಹಂಪಿಯೂ 1999ರಿಂದ 2006ರವರೆಗೆ ಅದೇ ಪಟ್ಟಿಯಲ್ಲಿತ್ತು. ಹೊಳೆಗೆ ಅಡ್ಡಲಾಗಿ ಕಟ್ಟುತ್ತಿದ್ದ ಸೇತುವೆಯೇ ಮುಖ್ಯ ಕಾರಣ. ಆ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೂಲಿಕಾರರು ಪ್ರಾಣ ಕಳೆದುಕೊಂಡರು. ಆಮೇಲೆ ಕಡೇಬಾಗಿಲು ಮತ್ತು ಬುಕ್ಕಸಾಗರದ ನಡುವೆ ಬೇರೆ ಸೇತುವೆ ಆಯಿತು. ಕಲ್ಲು ಉಳಿಯಬೇಕು ನಿಜ. ಕಲ್ಲಿನ ಮಗ್ಗುಲಲ್ಲಿ ಒಲೆ ಹೂಡಿದವರ ಬದುಕೂ, ಆಸ್ಪತ್ರೆಗೆ ಶಾಲೆಗೆ ಹೊಳೆ ದಾಟಬೇಕಾದವರ ಅನುಕೂಲವೂ ಉಳಿಯಬೇಕಲ್ಲವೇ?

ಹಿಂದಿರುಗುವಾಗ ನಾನೇ ಮೊದಲು ಹರಿಗೋಲು ಹತ್ತಿದೆ, ನಟ್ಟ ನಡುವೆ ಕಾಲಿಟ್ಟು!

ನೀವೂ ಹೋಗುವುದಾದರೆ ಕೆಲವು ಮಾತು. ಮಳೆಗಾಲದಲ್ಲಿ, ಅಣೆಕಟ್ಟಿನಿಂದ ನೀರು ಬಿಟ್ಟಾಗ ಹೋಗಲೇಬೇಡಿ. ಆಗ ಹರಿಗೋಲು ನಿಲ್ಲಿಸುತ್ತಾರೆ, ಯಾರಾದರೂ ಕರೆದೊಯ್ಯುತ್ತೇನೆಂದರೂ ಒಪ್ಪಬೇಡಿ. ನವೆಂಬರಿನಿಂದ ಫೆಬ್ರವರಿವರೆಗೆ ಬಿಸಿಲೂ ಹಿತ. ದರವನ್ನು ಹತ್ತುವ ಮೊದಲೇ ಮಾತಾಡಿ. ಜಾಕೀಟು ಕೇಳಿ ಹಾಕಿಕೊಳ್ಳಿ. ಮಕ್ಕಳನ್ನು ತೊಡೆಯ ಹತ್ತಿರವೇ ಕೂರಿಸಿಕೊಳ್ಳಿ. ವೇಗವಾಗಿ ಸುತ್ತಿಸು ಎಂದು ಅಂಬಿಗನಿಗೆ ಹುಚ್ಚು ಹುರುಪು ತುಂಬಬೇಡಿ. ಬುತ್ತಿಗೆ ಸಜ್ಜಿ ರೊಟ್ಟಿ, ಚಟ್ನಿ ಪುಡಿ ಬಿಸಿಲಿಗೂ ಕೆಡುವುದಿಲ್ಲ. ಮೊಸರನ್ನು ಮಾತ್ರ ಬೇರೆ ಡಬ್ಬಿಯಲ್ಲಿ ಒಯ್ಯಿರಿ.

ತಂಗಿ ಜರ್ಮನಿಗೆ ಮರಳಿದ್ದಾಳೆ. ಹೋಗುವ ಹಿಂದಿನ ರಾತ್ರಿ ರೇಷನ್ ಕಾರ್ಡಿನ ಚೀಲದಿಂದ ಆ ಹಳೆಯ ಫೋಟೋ ತೆಗೆದು ತೋರಿಸಿದೆ. “ಇದರಾಗ ಹೆದರಿದಾಕಿಗತೆ ಕಾಣತಿ, ಹೊಸಾದು ತಗಸು” ಎಂದಳು. ಮೊನ್ನೆ ಬುಧವಾರ ಸಂತೆಗೆ ಹೋದಾಗ ತೆಗೆಸಿಕೊಂಡು ಬಂದೆ. ಹಡಗು ಹತ್ತುವ ಯೋಗ ಇದೆಯೋ ಇಲ್ಲವೋ ಕಾಣೆ. ಆದರೆ ಇನ್ನೊಮ್ಮೆ ಕರೆದರೆ ಅತ್ತೆಯವರ ಮೊಣಕಾಲಿನ ಹೆಸರು ಹೇಳುವುದಿಲ್ಲ.